ಮಾಸ್ತರರಿಗೆ ಬಂದಿದ್ದ ಒಂಬತ್ತು ಚೀಟಿಗಳು

ನಾನು ನಿಂತಿದ್ದು ವೇದಿಕೆಯ ಬಲಗಡೆ, ಮೂರು ಮೆಟ್ಟಿಲಿನ ಮರದ ಏಣಿಯ ಬುಡದಲ್ಲಿ, ಎತ್ತರದ ಸ್ಪೀಕರ್ ಪೆಟ್ಟಿಗೆಯ ನೆರಳಿನಲ್ಲಿ. ಊರು ಭಾಲ್ಕಿ. ಸ್ಟೇಷನ್ ಕಡೆಗೆ ಹೋಗುವ ರಸ್ತೆಯ ಪಕ್ಕದ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಹತ್ತೊಂಬತ್ತು ವರ್ಷದ ಹಿಂದಿನ ಮೇ ತಿಂಗಳು, ಬುಧವಾರ, ಮಧ್ಯಾಹ್ನ ಎರಡೂಮುಕ್ಕಾಲರಿಂದ ನಾಲ್ಕೂಕಾಲರವರೆಗೆ. ನನ್ನಿಂದ ದಾನಿಯೇಲ್ ಮಾಸ್ತರರು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಗೆ ಹನ್ನೆರಡು ಅಡಿ ಇತ್ತು. ಅಳೆಯುವುದು ನನ್ನ ಕೆಲಸ, ಸರ್ಕಾರಿ ಸರ್ವೇಯರ್ ನಾನು, ಆದ್ದರಿಂದ ಹನ್ನೆರಡು ಅಡಿ ಎಂದರೆ ಹನ್ನೆರಡೇ ಎಂದು ತಿಳಿಯಿರಿ.

ಅಲ್ಲಿ ಆದದ್ದನ್ನು ಹೇಳುವ ಮೊದಲು ನನ್ನ ಒಂದು ಚಟದ ಬಗ್ಗೆ ಹೇಳಬೇಕು. ಹೋದ ತಿಂಗಳು ಔರಾದದಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಅದು ನೆನಪಾಯಿತು. ಮುಂದಿನ ಸೀಟಿನಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು ಕೂತಿದ್ದರು. ಒಂದೇ ಇಯರ್‌ಫೋನನ್ನು ಹಂಚಿಕೊಂಡು, ಈಗ ಹೆಸರು ಮಾಡಿರುವ ಇಬ್ಬರು ಸಿನಿಮಾ ಗಾಯಕರಲ್ಲಿ ಯಾರು ದೊಡ್ಡವರು ಎಂದು ಜಗಳವಾಡುತ್ತಿದ್ದರು. ಸಂತಪೂರ ದಾಟಿದ ಮೇಲೂ ತೀರ್ಮಾನವಾಗಲಿಲ್ಲ. ಒಬ್ಬಳು ಹಿಂದೆ ತಿರುಗಿ ಇಯರ್‌ಫೋನನ್ನು ನನ್ನ ಕಡೆಗೇ ಚಾಚಿದಳು.

"ಅಂಕಲ್, ನೀವ ಕೇಳಿ ಹೇಳ್ರಿ. ಯಾರ್ ಛಲೋ ಹಾಡ್ತಾರ?"

"ನನಗ ಹಾಡಿಂದು ತಿಳಿಯಂಗಿಲ್ಲವ್ವ" ಎಂದೆ.

"ಅಂಕಲ್‌ಗ ಭಜನಿ ಹಾಡ ಬೇಕೇನೋ" ಎಂದು ಇನ್ನೊಬ್ಬಳು ಪಿಸುಗುಟ್ಟಿದಳು. ನನಗೆ ಕೇಳುವಷ್ಟು ಜೋರಾಗಿಯೇ. ಒಂದು ಕಾಲದಲ್ಲಿ ಈ ಪ್ರಶ್ನೆ ಕೇಳಿದ್ದರೆ ನಾನು ಬೀದರ್ ಬಸ್ ಸ್ಟ್ಯಾಂಡಿನವರೆಗೂ ಬಾಯಿ ಮುಚ್ಚುತ್ತಿರಲಿಲ್ಲ.

ಹಾಡುಗಾರರನ್ನು ತೂಗಿ ನೋಡುವ ಈ ಚಟ ಬಂದದ್ದು ಮನೆಯಿಂದ. ಬೀದರಿನಲ್ಲಿ ನಮ್ಮ ಮನೆಯ ಗೋಡೆಗೆ ಹೊಂದಿ ಖಾಜಾ ಮಾಮೂ ಅವರ ಮನೆ. ಅಪ್ಪ ದವಾಖಾನೆಯಲ್ಲಿ ಕಂಪೌಂಡರ್, ಮಾಮೂ ಬೀಗ ರಿಪೇರಿ ಮಾಡುವವರು. ಭಾನುವಾರ ಅಪ್ಪ ಚರ್ಚಿನಿಂದ ಬಂದು ಪ್ಯಾಂಟು ಕಳಚಿ ಲುಂಗಿ ಸುತ್ತಿಕೊಳ್ಳುವುದಕ್ಕೂ, ಮಾಮೂ ನಮ್ಮ ಕಟ್ಟೆಗೆ ಬಂದು ಕೂರುವುದಕ್ಕೂ ಸರಿಹೋಗುತ್ತಿತ್ತು. ನಡುವೆ ರೇಡಿಯೋ. ಅಪ್ಪನಿಗೆ ಒಬ್ಬ ಗಾಯಕ, ಮಾಮೂಗೆ ಇನ್ನೊಬ್ಬ. ಇಬ್ಬರ ಹೆಸರನ್ನೂ ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವೂ ಒಂದು ಪಕ್ಷ ಹಿಡಿಯುತ್ತೀರಿ, ನಾನು ಹೇಳಬೇಕಾದದ್ದು ಹಿಂದೆ ಬೀಳುತ್ತದೆ.

"ನಿಮ್ಮವ ಹಾಡಿದ್ರ ಮನ್ಯಾಗ ಯಾರರೆ ಸತ್ತಾರೇನೋ ಅನಸ್ತದ ನೋಡ್ರಿ ಖಾಜಾ ಸಾಬ್" ಎನ್ನುತ್ತಿದ್ದರು ಅಪ್ಪ.

"ನಿಮ್ಮವ ಹಾಡಿದ್ರ ಯಾರ ಸತ್ತರೂ ತಿಳಿಯಂಗಿಲ್ಲ ಬಿಡ್ರಿ" ಎನ್ನುತ್ತಿದ್ದರು ಮಾಮೂ.

ಒಳಗಿನಿಂದ ಅವ್ವ ಒಮ್ಮೆ ಹೇಳಿದಳು: "ಅವರಿಬ್ಬರೂ ನಿಮಗ ಕೇಳಿ ಹಾಡ್ಯಾರೇನ್ರಿ? ತಮ್ಮ ಪಾಡಿಗಿ ತಾವು ಹಾಡ್ಯಾರ. ಬರ್ರಿ, ರೊಟ್ಟಿ ಆರತಾವ." ಮೂವರಲ್ಲಿ ಸರಿಯಾದ ಮಾತಾಡಿದವಳು ಅವಳೊಬ್ಬಳೇ ಎಂದು ನನಗೆ ತಿಳಿಯುವಷ್ಟರಲ್ಲಿ ನನಗೆ ನಲವತ್ತಾಗಿತ್ತು.

ನಾನು ಅಪ್ಪ, ಮಾಮೂ ಇಬ್ಬರಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ಅವರು ಬರೀ ವಾದ ಮಾಡುತ್ತಿದ್ದರು, ನಾನು ಅಳೆಯತೊಡಗಿದೆ. ಹತ್ತನೆಯ ತರಗತಿ ಪಾಸಾದಾಗ ಅಪ್ಪ ಸೆಕೆಂಡು ಮುಳ್ಳಿನ ಕೈಗಡಿಯಾರ ಕೊಡಿಸಿದರು. ಟೇಪ್ ರೆಕಾರ್ಡರಿನ ಮುಂದೆ ಕೂತು, ಯಾವ ಗಾಯಕ ಒಂದೇ ಉಸಿರಿನಲ್ಲಿ ಎಷ್ಟು ಸೆಕೆಂಡು ದನಿ ಹಿಡಿಯುತ್ತಾನೆ ಎಂದು ನೋಡಿ ಬರೆದಿಡುತ್ತಿದ್ದೆ. ಅಪ್ಪನ ಗಾಯಕ ಹತ್ತು, ಮಾಮೂ ಅವರ ಗಾಯಕ ಹನ್ನೆರಡು. ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಎಡಕ್ಕೊಬ್ಬರು, ಬಲಕ್ಕೊಬ್ಬರು. ಉಸಿರಿಗೊಂದು ಸಾಲು, ಮಾತಿನ ಸ್ಪಷ್ಟತೆಗೊಂದು ಸಾಲು, ಮೇಲಿನ ದನಿಗೊಂದು ಸಾಲು. ಆ ಹನ್ನೆರಡು ಸೆಕೆಂಡನ್ನು ನಾನು ಮೂರು ವರ್ಷ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಆಮೇಲೆ ತಿಳಿಯಿತು, ಆ ಹಾಡು ಕೇಳಿದ ದಿನ ಟೇಪಿನ ಸೆಲ್ಲು ಕುಗ್ಗಿತ್ತು, ಕ್ಯಾಸೆಟ್ ನಿಧಾನ ತಿರುಗಿತ್ತು. ಹೊಸ ಸೆಲ್ಲು ಹಾಕಿದರೆ ಅವರದ್ದೂ ಹತ್ತೇ. ಈ ತಿದ್ದುಪಡಿಯನ್ನು ನಾನು ಯಾರಿಗೂ ಹೇಳಲಿಲ್ಲ.

ನನಗೆ ಹಾಡಲು ಬರುತ್ತಿತ್ತೇ ಎಂದು ನೀವು ಕೇಳಬಹುದು. ಕ್ರಿಸ್ಮಸ್ ಹಾಡಿನ ತಂಡಕ್ಕೆ ಒಮ್ಮೆ ಸೇರಿದ್ದೆ. ಎರಡನೆಯ ದಿನದ ಅಭ್ಯಾಸದಲ್ಲಿ ಪಾಸ್ಟರಮ್ಮ ನನ್ನನ್ನು ಮೆಲ್ಲಗೆ ಬದಿಗೆ ಕರೆದು, "ಸುಧಾಕರ, ನೀ ಕುರ್ಚಿ ಛಲೋ ಜೋಡಸ್ತಿ ನೋಡು" ಎಂದರು.

ನನ್ನ ಕಾಲಕ್ಕೆ ನಮ್ಮ ಸೀಮೆಯಲ್ಲೇ ಹೆಸರಾದ ಇಬ್ಬರು ಹಾಡುಗಾರರಿದ್ದರು. ಬೀದರ್, ಭಾಲ್ಕಿ, ಔರಾದ ಮಾತ್ರವಲ್ಲ, ಗಡಿ ದಾಟಿ ಉದಗೀರ, ಜಹೀರಾಬಾದಿನ ಮದುವೆಗಳಿಗೂ ಅವರನ್ನು ಕರೆಯುತ್ತಿದ್ದರು. ಆಟೋದವರು ಅವರ ಹಾಡಿನ ಕ್ಯಾಸೆಟ್ ಹಾಕಿಕೊಂಡು ಓಡಿಸುತ್ತಿದ್ದರು. ಒಬ್ಬರು ದಾನಿಯೇಲ್ ಮಾಸ್ತರ್. ಊರು ಮನ್ನಳ್ಳಿ, ಸಾಲಿ ಮಾಸ್ತರಿಕೆ, ನಮ್ಮ ಚರ್ಚಿನವರೇ, ಆಗ ಐವತ್ತೈದರ ಹತ್ತಿರ. ಹಳೆಯ ಹಾಡೆಂದರೆ ಅವರದ್ದೇ. ಇನ್ನೊಬ್ಬ ಖಲೀಲ್. ಬೀದರಿನವನು, ಮೋಟರ್ ವೈಂಡಿಂಗ್ ಕೆಲಸದವನು, ನನ್ನ ವಾರಿಗೆಯವನು, ಗೆಳೆಯ. ಹೊಸ ಹಾಡಿಗೆ ಅವನು. ಇಬ್ಬರೂ ಒಂದೇ ಆರ್ಕೆಸ್ಟ್ರಾ ಪಾರ್ಟಿಯಲ್ಲಿದ್ದರು. ಪಾರ್ಟಿಯ ಯಜಮಾನ ಶಿವರಾಜ, ಕೀಬೋರ್ಡ್ ನುಡಿಸುತ್ತ ಅವನೇ ಮೈಕಿನಲ್ಲಿ ಮಾತೂ ಆಡುತ್ತಿದ್ದ.

ಈ ಪಾರ್ಟಿಯಲ್ಲಿ ನನಗೂ ಒಂದು ಜಾಗವಿತ್ತು, ಹಾಡದೆ. ನಮ್ಮ ಕಡೆಯ ಮದುವೆಗಳಲ್ಲಿ ಫರ್ಮಾಯಿಷ್ ಚೀಟಿ ಎಂಬುದೊಂದು ರಿವಾಜಿದೆ. ಯಾವ ಹಾಡು ಬೇಕು, ಯಾರು ಹಾಡಬೇಕು, ಕೇಳಿದವರು ಯಾವ ಊರಿನವರು ಎಂದು ಬರೆದು ವೇದಿಕೆಗೆ ಕಳಿಸುತ್ತಾರೆ. ಬಸ್ ಟಿಕೆಟಿನ ಹಿಂದೆ, ಲಗ್ನಪತ್ರಿಕೆಯ ಮೂಲೆ ಹರಿದು, ಬೀಡಿ ಕಟ್ಟಿನ ಕಾಗದದ ಮೇಲೆ. ಮೈಕಿನಲ್ಲಿ ಊರು, ಹೆಸರು ಓದಿದಾಗ ಆ ಮನೆಯವರು ಎದ್ದು ಕೈಯೆತ್ತುತ್ತಾರೆ. ಬೀದರಿನ ಮದುವೆಯಲ್ಲಿ ಈ ಚೀಟಿಗಳು ಮೂರು ಲಿಪಿಯಲ್ಲಿ ಬರುತ್ತವೆ: ಕನ್ನಡ, ಉರ್ದು, ಮರಾಠಿ. ಶಿವರಾಜನಿಗೆ ಕನ್ನಡ ಮಾತ್ರ. ನನಗೆ ಮೂರೂ ಬರುತ್ತಿದ್ದವು. ಉರ್ದು ಓದಲು ಕಲಿಸಿದವರು ಖಾಜಾ ಮಾಮೂ. ನಿಜಾಮರ ಕಾಲದ ಹೊಲದ ಕಾಗದಗಳೆಲ್ಲ ಉರ್ದುವಿನಲ್ಲಿದ್ದುದರಿಂದ ನೌಕರಿಯಲ್ಲಿ ಅದು ಗಟ್ಟಿಯಾಯಿತು. ಹೀಗಾಗಿ ಏಣಿಯ ಬುಡದಲ್ಲಿ ನಿಂತು ಚೀಟಿ ತೆಗೆದುಕೊಂಡು, ಓದಿ, ಕನ್ನಡದಲ್ಲಿ ಬರೆದು ಶಿವರಾಜನಿಗೆ ಕೊಡುವ ಕೆಲಸ ನನ್ನದಾಯಿತು. ನಾನು ಕೊಟ್ಟದ್ದೇ ಚೀಟಿ. ಬೇರೆ ಯಾರೂ ನೋಡುತ್ತಿರಲಿಲ್ಲ.

ಆ ವರ್ಷ ಮಾಸ್ತರರು ಹೈದರಾಬಾದಿಗೆ ಹೋಗಿ ಗಂಟಲಿನಲ್ಲಿದ್ದ ಗಂಟು ತೆಗೆಸಿಕೊಂಡು ಬಂದಿದ್ದರು. ಏಳು ತಿಂಗಳು ಹಾಡಿರಲಿಲ್ಲ. ಬಸ್ ಸ್ಟ್ಯಾಂಡಿನ ಬಳಿಯ ಚಹಾದ ಹೋಟೆಲಿನಲ್ಲಿ ನಮ್ಮದು ಒಂದು ಬೆಂಚು ಇತ್ತು. ಅಲ್ಲಿ ನಾನು ನನ್ನ ನೋಟ್‌ಬುಕ್ಕಿನ ಭಾಷೆಯಲ್ಲಿ ಮಾತಾಡಿದೆ. ಮಾಸ್ತರರ ಉಸಿರು ಮೊದಲು ಹದಿನಾಲ್ಕಿತ್ತು, ಖಲೀಲನದು ಹನ್ನೊಂದಿತ್ತು, ಈಗ ಅದು ತಿರುಗುಮುರುಗು ಆಗಿರುತ್ತದೆ ಎಂದೆ.

"ಹಂಗಂದ್ರ ಮಾಸ್ತರ್ ಮುಗೀತಂತಿ ಏನು?" ಶಿವರಾಜ ಕೇಳಿದ.

"ಮುಗೀತು. ಬುಧವಾರ ಭಾಲ್ಕಿಗಿ ಬರ್ತಾರಲ್ಲ, ನೋಡ್ರಿ. ಅವರ ಹೆಸರಿಲೆ ಒಂದ ಚೀಟಿ ಬಂದ್ರ ನನ್ನ ಹೆಸರ ಬದಲ ಮಾಡ್ರಿ."

"ಏನಂತ ಇಡಮು?"

"ಸರಪಳಿ ಸಾಬ್ ಅಂತ ಇಡ್ರಿ" ಎಂದ ಖಲೀಲ್. "ಆಕಾಶಕ್ಕ ಸೈತ ಸರಪಳಿ ಹಾಕಿ ಅಳೀತಾನ ಇವ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಆಡಿಬಿಟ್ಟಿದ್ದೆ.

ಭಾಲ್ಕಿಯ ಆ ಮದುವೆ ಒಬ್ಬ ನರ್ಸ್ ಬಾಯಿಯವರ ಮಗಳದು. ಆ ಬಾಯಿ ಎರಡು ತಾಲೂಕಿನ ಅರ್ಧ ಮಕ್ಕಳನ್ನು ತಮ್ಮ ಕೈಯಲ್ಲಿ ಹುಟ್ಟಿಸಿದವರು. ಹಾಗಾಗಿ ಯಾರ್ಯಾರೋ, ಎಲ್ಲೆಲ್ಲಿಂದಲೋ ಬಂದಿದ್ದರು. ಚರ್ಚಿನಲ್ಲಿ ಮದುವೆಯಾಗಿ, ಊಟವಾಗಿ, ಎರಡೂಮುಕ್ಕಾಲಿಗೆ ಹಾಡು ಶುರುವಾಗಬೇಕು. ಮಾಸ್ತರರು ಕೊರಳಿಗೆ ಹಸಿರು ಶಾಲು ಸುತ್ತಿಕೊಂಡು ಬಂದರು, ಆ ಬಿಸಿಲಿನಲ್ಲಿ. ವೇದಿಕೆ ಏರುವ ಮೊದಲು ನನ್ನ ಹತ್ತಿರ ನಿಂತರು.

"ಸುಧಾಕರ, ಚೀಟಿ ನೋಡ್ಕೋತ ಇರಪಾ. ಶಿವರಾಜಗ ಹೇಳೀನಿ, ಮಂದಿ ಕರದ್ರ ಹಾಡ್ತೇನಿ, ಕರೀಲಿಲ್ಲಂದ್ರ ಇವತ್ತಿಗಿ ಸಾಕು ಅಂತ."

"ಹಂಗ್ಯಾಕ ಅಂತೀರಿ ಸರ್."

"ಇಲ್ಲಪಾ. ಗಂಟಲ ಹೋಗ್ಯಾದ ಅಂತ ಡಾಕ್ಟರ್ ಹೇಳಿದ್ರ ನಾ ನಂಬಂಗಿಲ್ಲ. ಮಂದಿ ಹೇಳಿದ್ರ ನಂಬ್ತೇನಿ."

ಮೊದಲ ಪ್ರಾರ್ಥನೆಯ ಹಾಡು ಅವರದೇ. ಮೇಲಿನ ದನಿಗೆ ಹೋದಾಗ ಸೀಳಿತು. ನಾನು ಗಡಿಯಾರ ನೋಡಿಕೊಂಡೆ. ಆರು ಸೆಕೆಂಡು. ಹೌದು, ನೋಡಿಕೊಂಡೆ. ಜನ ಸುಮ್ಮನೆ ಕೇಳಿದರು, ಚಪ್ಪಾಳೆಯನ್ನೂ ತಟ್ಟಿದರು. ಮಾಸ್ತರರು ಹಿಂದೆ ಹೋಗಿ ಕುರ್ಚಿಯಲ್ಲಿ ಕೂತರು. ಆಮೇಲೆ ಖಲೀಲ್ ಎದ್ದ. ಚೀಟಿಗಳು ಬರತೊಡಗಿದವು.

ಇಲ್ಲಿಂದ ಒಂದೊಂದನ್ನೂ ಆದ ಹಾಗೆಯೇ ಹೇಳುತ್ತೇನೆ. ಮಾಸ್ತರರಿಗೆ ಬಂದ ಮೊದಲ ಚೀಟಿ ಮರಾಠಿಯಲ್ಲಿತ್ತು, ಬಸ್ ಟಿಕೆಟಿನ ಹಿಂದೆ. "ಎಕಂಬಾ, ಕಮಳಾಬಾಯಿ. ನನ್ನ ಲಗ್ನದಲ್ಲಿ ಹಾಡಿದ ಹಾಡು. ಮಾಸ್ತರರೇ ಹಾಡಬೇಕು." ಕೆಳಗೆ ಹಾಡಿನ ಮೊದಲ ಸಾಲು. 'ಮಾಸ್ತರರೇ' ಎಂಬುದರ ಕೆಳಗೆ ಎರಡು ಗೆರೆ. ಖಲೀಲನ ಹಾಡು ನಡೆದಿತ್ತು, ಮುಗಿದ ಮೇಲೆ ಕೊಡೋಣ ಎಂದು ಅಂಗಿಯ ಜೇಬಿನಲ್ಲಿಟ್ಟೆ. ಅದನ್ನು ತಪ್ಪು ಎನ್ನಲಾರೆ. ಎರಡನೆಯದು ಬಂದಾಗಲೂ ಹಾಗೆಯೇ ಮಾಡಿದೆ, ಆದರೆ ಅಷ್ಟರಲ್ಲಿ ಖಲೀಲನ ಹಾಡು ಮುಗಿದಿತ್ತು. ಮೂರನೆಯದನ್ನು ಇಡುವಾಗ ನನಗೆ ನಾನು ಏನು ಮಾಡುತ್ತಿದ್ದೇನೆಂದು ಪೂರಾ ಗೊತ್ತಿತ್ತು. ಹೋಟೆಲಿನ ಬೆಂಚು ಕಣ್ಣಿಗೆ ಕಟ್ಟಿತು. ಮಾಸ್ತರರ ಮೇಲೆ ನನಗೆ ದ್ವೇಷವಿರಲಿಲ್ಲ. ಖಲೀಲನ ಮೇಲಿನ ಪ್ರೀತಿಯೂ ಅದಲ್ಲ. ನಾನು ಹೇಳಿದ್ದು ನಿಜವಾಗಬೇಕಿತ್ತು, ಅಷ್ಟೇ.

ಮೂರೂಕಾಲಿಗೆ ಮಾಸ್ತರರು ಕುರ್ಚಿಯಿಂದ ಮುಂದೆ ಬಾಗಿ ಕೇಳಿದರು.

"ಏನರೆ ಬಂದಾವೇನಪಾ?"

"ಇನ್ನಾ ಇಲ್ರಿ ಸರ್."

ಅವರು ತಲೆಯಾಡಿಸಿ, ಬಾಟಲಿಯ ನೀರು ಕುಡಿದರು. ಅರ್ಧ ಗಂಟೆ ಬಿಟ್ಟು ಮತ್ತೆ ನನ್ನ ಕಡೆ ನೋಡಿದರು. ಈ ಸಲ ಬಾಯಿಬಿಟ್ಟು ಕೇಳಲಿಲ್ಲ, ಹುಬ್ಬು ಮಾತ್ರ ಎತ್ತಿದರು. ನಾನು ತಲೆ ಅಡ್ಡಡ್ಡ ಆಡಿಸಿದೆ. ಆಗ ನನ್ನ ಜೇಬಿನಲ್ಲಿ ಏಳಿದ್ದವು. ಮೂರನೆಯ ಸಲ ಅವರು ನೋಡಲಿಲ್ಲ.

ನಡುವೆ ಖಲೀಲ್ ನೀರಿಗೆಂದು ಏಣಿ ಇಳಿದು ಬಂದ. ನನ್ನ ಕೈಯಲ್ಲಿ ಆಗಷ್ಟೇ ಬಂದ ಉರ್ದು ಚೀಟಿ ಇತ್ತು. ನೀರು ಕುಡಿಯುತ್ತಲೇ ಅದನ್ನು ಓದಿದ.

"ಅರೆ, ಇದು ಮಾಸ್ತರ್ ಸಾಬ್‌ದು ಅದಲ್ಲೋ. ಕೊಡ್ಲಿಲ್ಲೇನು?"

"ಕೊಡ್ತೇನಿ ತಗೋ. ನಿಂದೊಂದ ಹಾಡ ಆಗ್ಲಿ."

ಅವನು ನನ್ನ ಮುಖ ನೋಡಿದ. ಆಮೇಲೆ ಜೇಬು ನೋಡಿದ. ಜೇಬು ಉಬ್ಬಿತ್ತು. ಮೇಲಿನಿಂದ ಶಿವರಾಜ ಕೂಗಿದ, ಅವನು ಏಣಿ ಹತ್ತಿ ಹೋದ. ಆ ಮಧ್ಯಾಹ್ನ ಅವನು ಹಾಡಿದಷ್ಟು ಚೆನ್ನಾಗಿ ಮತ್ತೆಂದೂ ಹಾಡಲಿಲ್ಲವೆಂದು ಜನ ಹೇಳುತ್ತಾರೆ. ಪ್ರತಿ ಹಾಡಿಗೂ ಮೊದಲು ಚಪ್ಪಾಳೆ ತಟ್ಟಿದವರು ಹಿಂದಿನ ಕುರ್ಚಿಯಲ್ಲಿದ್ದ ಮಾಸ್ತರರು.

ನಾಲ್ಕೂಕಾಲಿಗೆ ಕಾರ್ಯಕ್ರಮ ಮುಗಿಯಿತು. ಮಾಸ್ತರರು ಶಾಲು ಮಡಚಿ ಕೈಚೀಲಕ್ಕೆ ಹಾಕಿಕೊಂಡರು. ಏಣಿ ಇಳಿಯಲು ನಾನು ಕೈ ಕೊಟ್ಟೆ, ಹಿಡಿದುಕೊಂಡು ಇಳಿದರು. "ಛಲೋ ಆತಪಾ. ಹಾದಿ ತಿಳೀತು" ಎಂದರು. ಬಸ್ಸಿಗೆ ಹೋದರು.

ಮನೆಗೆ ಬಂದು ಒಂಬತ್ತೂ ಚೀಟಿಗಳನ್ನು ಒಲೆಗೆ ಹಾಕಿದೆ. ಹಾಕುವ ಮೊದಲು ಇನ್ನೊಮ್ಮೆ ಓದಿದೆ. ಓದಿದ್ದು ನನಗೆ ಮರೆಯುವುದಿಲ್ಲ. ನೌಕರಿಯಲ್ಲಿ ನೆರವಾದ ಗುಣ ಅದು. ಮರುದಿನ ಹೋಟೆಲಿನಲ್ಲಿ ಶಿವರಾಜ ಬೆನ್ನು ತಟ್ಟಿ, "ಸರಪಳಿ ಸಾಬ್ ಹೇಳಿದ್ದೇ ಖರೆ ಆತು ನೋಡ್ರಿ" ಎಂದು ಎಲ್ಲರಿಗೂ ಚಹಾ ಹೇಳಿದ. ಖಲೀಲ್ ಅಂದು ಬಂದಿರಲಿಲ್ಲ. ಚಹಾ ರುಚಿಯಾಗಿತ್ತು. ಈಗ ನಾಚಿಕೆಯಾಗುತ್ತದೆಂದು ಆಗಲೂ ಆಗಿತ್ತು ಎಂದು ಬರೆಯಲಾರೆ.

ನಾಚಿಕೆ ಶುರುವಾದದ್ದು ಮುಂದಿನ ತಿಂಗಳು, ಚರ್ಚಿನಲ್ಲಿ. ಮಾಸ್ತರರು ಹಾಡುವವರ ಸಾಲು ಬಿಟ್ಟು ಕೊನೆಯ ಬೆಂಚಿಗೆ ಹೋಗಿದ್ದರು. ಕಾಣಿಕೆ ಸಂಗ್ರಹಿಸುತ್ತ ಅವರ ಬಳಿ ಹೋದಾಗ ಎಲ್ಲರೂ ಎದ್ದು ನಿಂತು ಹಾಡುತ್ತಿದ್ದರು. ಅವರ ತುಟಿಗಳು ಅಲುಗುತ್ತಿದ್ದವು, ದನಿ ಇರಲಿಲ್ಲ. ಗಂಟಲು ಹೋದದ್ದಕ್ಕಲ್ಲ, ಅದು ನನಗೆ ಗೊತ್ತು. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ದನಿ ಹೊರಡಿಸದೆ ಹಾಡುವವನ ತುಟಿ ಅದು. ಅಂದಿನಿಂದ ನಾನು ಮುಂದಿನ ಬೆಂಚಿನಲ್ಲಿ ಕೂರತೊಡಗಿದೆ, ಅವರು ಕಣ್ಣಿಗೆ ಬೀಳದಿರಲೆಂದು.

ಹದಿನೇಳು ವರ್ಷ ಹಾಗೇ ಹೋಯಿತು. ನಾನು ಔರಾದಕ್ಕೆ ವರ್ಗವಾದೆ. ಎರಡು ವರ್ಷದ ಹಿಂದೆ ಎಕಂಬಾದಲ್ಲಿ ಅಣ್ಣತಮ್ಮಂದಿರ ನಡುವೆ ಹೊಲ ಪಾಲು ಮಾಡುವ ಅಳತೆಗೆ ಹೋಗಿದ್ದೆ. ಅರ್ಜಿಯಲ್ಲಿ ಅವರ ತಾಯಿಯ ಹೆಸರು ನೋಡಿದಾಗಲೇ ನನ್ನ ಕೈ ತಡೆಯಿತು. ಆದರೆ ಊರಲ್ಲಿ ಕಮಳಾಬಾಯಿ ಎಂಬವರು ಎಷ್ಟೋ ಮಂದಿ ಇರಬಹುದು ಎಂದುಕೊಂಡೆ. ಅಳತೆ ಮುಗಿದು, ಗಡಿಗೆ ಬಾಂದಿನ ಕಲ್ಲು ನೆಡಿಸಿ, ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತಿದ್ದೆವು. ತಾಯಿಯೂ ಅಲ್ಲೇ ಕೂತಿದ್ದರು. ಮಗನೊಬ್ಬ ಮೊಬೈಲಿನಲ್ಲಿ ಹಾಡು ಹಚ್ಚಿದ. ಯಾರೋ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ ಹಾಡು. ಮೊದಲ ಸಾಲಿಗೇ ದನಿ ಗುರುತು ಸಿಕ್ಕಿತು.

"ಬಂದ್ ಮಾಡು ಅದ" ಎಂದರು ಆ ತಾಯಿ.

"ಯಾಕವ್ವ, ಛಲೋ ಅದಲ್ಲ?" ಎಂದ ಮಗ.

"ಛಲೋ ಅದಪಾ. ಹಾಡೋ ಮನಶ್ಯಾ ಸೊಕ್ಕಿನವ." ನನ್ನ ಕಡೆ ತಿರುಗಿದರು. "ನನ್ನ ಲಗ್ನದಾಗ ಬಂದು ಹಾಡಿದ್ರು ಸಾಹೇಬ್ರ, ನನ್ನಪ್ಪ ಮನ್ನಳ್ಳಿಗಿ ಹೋಗಿ ಕೈ ಮುಗದು ಕರ್ಕೊಂಡ ಬಂದಿದ್ದ. ಆಮ್ಯಾಲ ನನ್ನ ಮಾಲಕರು, ಇವರಪ್ಪ, ತೀರಕೊಂಡ್ರು. ಅವರು ಹೋಗಿ ಮೂರ ತಿಂಗಳಿಗಿ ಭಾಲ್ಕ್ಯಾಗ ನರ್ಸ್ ಬಾಯಿ ಮಗಳ ಮದಿವಿ. ನಾ ಎಲ್ಲೂ ಹೊಂಟಿದ್ದಿಲ್ಲ, ಆ ಹಾಡ ಇನ್ನೊಮ್ಮಿ ಕೇಳಮು ಅಂತ ಹೋದೆ. ಚೀಟಿ ಕಳ್ಸಿದೆ. ಕೂತ್ರು, ನೀರ ಕುಡದ್ರು, ಹಾಡಲೇ ಇಲ್ಲ. ದೊಡ್ಡೋರಾಗ್ಯಾರ, ನಮ್ಮಂಥವರ ಚೀಟಿ ಯಾಕ ನೋಡ್ತಾರ."

ಚಹಾದ ಲೋಟ ನನ್ನ ಕೈಯಲ್ಲೇ ಇತ್ತು. ಹೇಳಬೇಕಾದ ಮಾತು ಮೂರೇ: ಚೀಟಿ ಮುಚ್ಚಿಟ್ಟವ ನಾನು. ಅದನ್ನು ಬಿಟ್ಟು, "ಸಹಿ ಹಾಕ್ರಿ ಬಾಯಿ" ಎಂದು ಕಾಗದ ಮುಂದೆ ಮಾಡಿದೆ. ಇಷ್ಟು ದಿನ ನಾನು ಮಾಸ್ತರರಿಗೆ ಒಂದು ಮಧ್ಯಾಹ್ನದ ಅನ್ಯಾಯ ಮಾಡಿದ್ದೇನೆಂದು ತಿಳಿದಿದ್ದೆ. ಚೀಟಿ ಬರೆದವರ ಮನಸ್ಸಿನಲ್ಲಿ ಅವರು ಇಷ್ಟು ವರ್ಷ ಸೊಕ್ಕಿನವರಾಗಿ ಉಳಿದಿದ್ದಾರೆಂದು ಆ ಬೇವಿನ ಗಿಡದ ಕೆಳಗೆ ತಿಳಿಯಿತು.

ಆಮೇಲೂ ಎರಡು ವರ್ಷ ಬೇಕಾಯಿತು ನನಗೆ. ಮೂರು ಸಲ ಮನ್ನಳ್ಳಿಯ ಬಸ್ಸು ಹತ್ತಿ, ಮೂರು ಸಲವೂ ಊರು ಬರುವ ಮೊದಲೇ ಇಳಿದೆ. ಈ ವರ್ಷ, ಶುಭ ಶುಕ್ರವಾರದ ಹಿಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಅವರ ಅಂಗಳಕ್ಕೆ ಕಾಲಿಟ್ಟೆ. ಮಾಸ್ತರರು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತ ಕೂತಿದ್ದರು. ದನಿ ಈಗ ಗಾಳಿಯಂತೆ, ಹತ್ತಿರ ಕೂತರೆ ಮಾತ್ರ ಕೇಳುತ್ತದೆ. ನಾನು ನಿಂತುಕೊಂಡೇ ಹೇಳಿದೆ. ಒಂದೇ ಸಲಕ್ಕೆ ಹೇಳಿದೆ, ಇಲ್ಲಿ ಬರೆದಷ್ಟೇ.

ಅವರ ಬೆರಳು ಬೇಳೆಯ ಮೇಲೆ ನಿಂತಿತು.

"ಎಷ್ಟಿದ್ವು?"

"ಒಂಬತ್ತು ಸರ್."

"ಎಲ್ಲಿ ಅವ?"

"ಸುಟ್ಟೀನ್ರಿ. ಬಾಯಿಲೆ ಹೇಳ್ತೇನಿ."

ಹೇಳಿದೆ. ಊರು, ಹಾಡು, ಬರೆದಿದ್ದರೆ ಹೆಸರು. ಒಂಬತ್ತಕ್ಕೂ ಅವರು ತಲೆಯಾಡಿಸಿದರು, ಹಾಜರಿ ಕರೆಯುವಾಗ ಮಾಸ್ತರರು ತಲೆಯಾಡಿಸುವಂತೆ. ಎಕಂಬಾದ ಹೆಸರು ಬಂದಾಗ ಕೈಯೆತ್ತಿ ತಡೆದರು. "ಆಕಿ ಗೊತ್ತದ. ಆಕಿ ಅಪ್ಪ ಬಂದಿದ್ದ ನಮ್ಮ ಮನಿಗಿ." ಆಕೆ ಬೇವಿನ ಗಿಡದ ಕೆಳಗೆ ಆಡಿದ ಮಾತನ್ನೂ ಹೇಳಿದೆ. ಅದನ್ನು ಮುಚ್ಚಿಟ್ಟರೆ ಮತ್ತೊಂದು ಚೀಟಿ ಜೇಬಿಗೆ ಹಾಕಿದಂತೆ ಆಗುತ್ತಿತ್ತು.

ಅವರು ಮೊರದಿಂದ ಒಂದು ಹರಳು ಹೆಕ್ಕಿ ಪಕ್ಕಕ್ಕಿಟ್ಟರು.

"ಇಷ್ಟ ವರ್ಷ ನಾ ಮಂದಿ ಮ್ಯಾಲ ಸಿಟ್ಟ ಮಾಡ್ಕೊಂಡು ಕೂತೆ" ಎಂದರು. "ಮಂದಿ ನನ್ನ ಮ್ಯಾಲ. ನಡುವ ನೀ ನಿಂತಿದ್ದಿ."

"ತಪ್ಪಾತ್ರಿ ಸರ್. ಖಲೀಲ್ ಛಲೋ ಹಾಡ್ತಾನಂತ ನಾ ಹೋಟೆಲ್ದಾಗ..."

"ಛಲೋನೇ ಹಾಡ್ತಿದ್ದ. ನನಕ್ಕಿಂತ ಛಲೋ. ನಾನೇ ಹೇಳ್ತಿದ್ನಲ್ಲ. ಆದ್ರ ಚೀಟಿ ಬರದೋರು ಯಾರ ಛಲೋ ಅಂತ ನಿನಗ ಕೇಳಿದ್ದಿಲ್ಲಪಾ. ಮಾಸ್ತರ್ ಹಾಡ್ಲಿ ಅಂದಿದ್ರು, ಅಷ್ಟೆ."

ಒಳಗಿನಿಂದ ಅವರ ಹೆಂಡತಿ ಚಹಾ ತಂದಿಟ್ಟರು. ಅವರು ಒಳಗೆ ಹೋಗುವವರೆಗೆ ಮಾಸ್ತರರು ಕಾದರು. ನಾನು ಕ್ಷಮೆ ಎಂಬ ಮಾತನ್ನು ಬಾಯಿಗೆ ತರುವುದರೊಳಗೆ ಅವರೇ ಹೇಳಿದರು: "ನಂದೇನ ಕೇಳಬ್ಯಾಡ ಈಗ. ಎಕಂಬಾಕ್ಕ ಹೋಗು. ನಾ ಸೊಕ್ಕ ಮಾಡಿಲ್ಲಂತ ಆಕಿಗಿ ಹೇಳು. ಚಾ ಕುಡದ ಹೋಗು, ಇಲ್ಲಂದ್ರ ಒಳಗಿನಕಿ ಯಾಕಂತ ಕೇಳ್ತಾಳ."

ಮರುದಿನವೇ ಹೋದೆ. ಕಮಳಾಬಾಯಿ ಪೂರಾ ಕೇಳಿಸಿಕೊಂಡರು. ಬೈಯುತ್ತಾರೆಂದು ನಾನು ತಯಾರಾಗಿದ್ದೆ. ಅವರು ಕೇಳಿದ್ದೇ ಬೇರೆ.

"ಹಂಗಾದ್ರ ನೀವು ಮಾಡಿದ ನನ್ನ ಹೊಲದ ಅಳತಿ ಖರೆ ಅದನೋ ಇಲ್ಲೋ?"

"ಖರೆ ಅದರಿ ಬಾಯಿ. ಬೇಕಾದ್ರ ಊರ ಮಂದಿ ಮುಂದ ಇನ್ನೊಮ್ಮಿ ಅಳೀತೇನಿ."

"ಅಳೀರಿ" ಎಂದರು ಒಡನೆಯೇ. ಊರಿನ ನಾಲ್ಕು ಮಂದಿಯನ್ನು ಕರೆಸಿದರು. ಏಪ್ರಿಲ್ ಬಿಸಿಲಿನಲ್ಲಿ, ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ, ನಾನು ಹಾಕಿದ ಕಲ್ಲನ್ನು ನಾನೇ ಮತ್ತೆ ಅಳೆದೆ. ಮಕ್ಕಳಿಬ್ಬರೂ ಟೇಪಿನ ಎರಡು ತುದಿ ಹಿಡಿದು, ಒಂದೊಂದು ಅಂಕಿಯನ್ನೂ ತಾವೇ ಬಾಗಿ ಓದಿದರು. ಅಳತೆ ಸರಿಯಿತ್ತು. ಕಮಳಾಬಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದರು: "ಇದು ನಾಕ ಮಂದಿ ನೋಡಿದ್ರು. ಆ ಚೀಟಿದು ಯಾರ ನೋಡ್ಯಾರ? ಮಾಸ್ತರೇ ನಿಮಗ ಕಲಿಸಿ ಕಳಿಸಿದ್ರ ನನಗೇನ ಗೊತ್ತು. ನೋಡಿದೋರು ಯಾರರೆ ಜೀವಂತ ಇದ್ರ ಕರ್ಕೊಂಡ ಬರ್ರಿ."

ಖಲೀಲನ ಅಂಗಡಿಗೆ ಹೋದಾಗ ಅವನು ಫ್ಯಾನಿನ ಮೋಟರು ಬಿಚ್ಚಿ ಕೂತಿದ್ದ. ಆ ಮದುವೆಯ ಬಳಿಕ ನಾವಿಬ್ಬರೂ ಆ ಚೀಟಿಯ ಮಾತು ಒಮ್ಮೆಯೂ ಎತ್ತಿರಲಿಲ್ಲ. ಅವನೂ ಎಂಟು ವರ್ಷದ ಹಿಂದೆ ಹಾಡುವುದನ್ನು ಬಿಟ್ಟಿದ್ದ. ನಾನು ಹೇಳಿದ್ದನ್ನು ಕೇಳಿ, ತಂತಿಯ ಸುರುಳಿಯನ್ನು ಕೆಳಗಿಟ್ಟ.

"ಆವತ್ತ ಮಂದಿ ನನಗ ಹೊತ್ಕೊಂಡ ತಿರಗಿದ್ರು ದೋಸ್ತ. ನಾ ಬಾಯಿ ಬಿಟ್ಟಿದ್ರ ಆ ದಿನ ನಂದಾಗ್ತಿದ್ದಿಲ್ಲ. ನಿಂದಷ್ಟೆ ಅಲ್ಲ ಅದು." ಕೈ ಒರೆಸಿಕೊಂಡು ಶಟರ್ ಎಳೆದ. "ನಡಿ."

ಎಕಂಬಾದಲ್ಲಿ ಅವನು ಕಮಳಾಬಾಯಿಯ ಮುಂದೆ ಚಪ್ಪಲಿ ಬಿಟ್ಟು ನಿಂತು ಹೇಳಿದ: "ನಾ ನೋಡೀನ್ರಿ ಬಾಯಿ. ಒಂದ ಚೀಟಿ ನನ್ನ ಕಣ್ಣಿಲೆ ಓದೀನಿ, ಉಳದದ್ದು ಇವನ ಜೇಬಿನ್ಯಾಗ ನೋಡೀನಿ. ಮಾಸ್ತರ್ ಸಾಬ್‌ಗ ಒಂದೂ ಗೊತ್ತಿದ್ದಿಲ್ಲ."

ಕಮಳಾಬಾಯಿ ಮಗನಿಗೆ ಹೇಳಿ ಮಾಸ್ತರರಿಗೆ ಫೋನ್ ಹಚ್ಚಿಸಿದರು. ಸ್ಪೀಕರಿನಲ್ಲಿಟ್ಟ.

"ಮಾಸ್ತರ್ರ, ನಾ ಎಕಂಬಾ ಕಮಳಾಬಾಯಿ. ನಿಮ್ಮ ಮ್ಯಾಲ ಬ್ಯಾಸರ ಇತ್ತರಿ. ಈಗಿಲ್ಲ."

ಆ ಕಡೆಯಿಂದ ಗಾಳಿಯಂಥ ದನಿ ಬಂತು.

"ಆ ಹಾಡೇ ಬೇಕಾಗಿತ್ತೇನವ್ವ?"

"ಹೌದ್ರಿ. ಅದೇ."

"ಈಗ ಬರಂಗಿಲ್ಲವ್ವ."

"ಇರ್ಲಿ ಬಿಡ್ರಿ" ಎಂದರು ಅವರು. ಇಬ್ಬರೂ ಫೋನ್ ಇಡಲಿಲ್ಲ. ಇಡುವವರೆಗೆ ನಾನು ನೆಲ ನೋಡುತ್ತ ನಿಂತಿದ್ದೆ.

ಒಂಬತ್ತರಲ್ಲಿ ನಾಲ್ಕು ಮನೆಗೆ ಈಗಾಗಲೇ ಹೋಗಿ ಹೇಳಿ ಬಂದಿದ್ದೇನೆ. ಚೀಟಿ ಬರೆದವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಉಳಿದ ಮೂವರು ಚೀಟಿಯಲ್ಲಿ ಊರಷ್ಟೇ ಬರೆದಿದ್ದರು, ಹುಡುಕಿದರೂ ಸಿಕ್ಕಿಲ್ಲ: ಒಬ್ಬರು ಭಾಲ್ಕಿಯವರು, ಉರ್ದುವಿನಲ್ಲಿ ಬರೆದವರು. ಇನ್ನಿಬ್ಬರು ಔರಾದದವರು. ಆ ಮಧ್ಯಾಹ್ನ ನೀವು ಕಾದು, ಬೇಸರಪಟ್ಟು ಎದ್ದುಹೋಗಿದ್ದರೆ, ನಿಮ್ಮ ಚೀಟಿ ಮಾಸ್ತರರ ಕೈ ಸೇರಿರಲಿಲ್ಲ. ನನ್ನೊಬ್ಬನ ಮಾತಿನ ಮೇಲೆ ನಂಬಬೇಡಿ. ಕೀಬೋರ್ಡಿನ ಹಿಂದೆ ನಿಂತವನಿಗೆ ನನ್ನ ಕೈ ಕಾಣುವಂತಿತ್ತು. ಶಿವರಾಜ ಕಂಡಿದ್ದನೋ ಇಲ್ಲವೋ ತಿಳಿಯದು, ಅವನು ಹೋಗಿ ಆರು ವರ್ಷವಾಯಿತು. ಕಂಡವನು, ಬದುಕಿರುವವನು ಖಲೀಲ್ ಒಬ್ಬ. ಬೀದರಿನಲ್ಲಿ ಮೋಟರ್ ವೈಂಡಿಂಗ್ ಮಾಡುತ್ತಾನೆ. ಶುಕ್ರವಾರವೊಂದು ಬಿಟ್ಟು ದಿನಾ ಅಂಗಡಿಯಲ್ಲಿರುತ್ತಾನೆ. ಕೇಳಿದರೆ ಹೇಳುತ್ತಾನೆ.